ಗೇರ್‌ಬಾಕ್ಸ್ ಇಳಿಸೋ ಮುಂಚೆ ನಾನು ನೋಡಿದ್ದು

ನನ್ನದು 2008ರ ಡೀಸೆಲ್ ಪಿಕಪ್. ಟೊಮೆಟೊ ಕಾಲ ಬಂತೆಂದರೆ ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಂಡಿಗೆ ದಿನಾ ಓಡಾಟ. ಹೋದ ಬೇಸಿಗೆಯಲ್ಲಿ ಗೇರ್ ಬಿಗಿಯಾಗತೊಡಗಿತು. ಫಸ್ಟ್ ಹಾಕಬೇಕೆಂದರೆ ತೋಳಿನ ಬಲವೆಲ್ಲ ಬೇಕು. ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಇಳಿಸಲು ರಿವರ್ಸ್ ಹಾಕಿದರೆ 'ಕರ್ರ್' ಅಂತ ಹಲ್ಲು ಉಜ್ಜುವ ಸದ್ದು. ಆ ಸದ್ದು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ತೋರಿಸಿದ ಕಡೆಯೆಲ್ಲ ಒಂದೇ ಮಾತು: "ಗೇರ್‌ಬಾಕ್ಸ್ ಇಳಿಸ್ಬೇಕಣ್ಣ, ಕ್ಲಚ್ ಸೆಟ್ಟೇ ಹೋಗಿದೆ." ಸೀಸನ್ ಮಧ್ಯೆ ಗಾಡಿ ಎರಡು ದಿನ ನಿಂತರೆ ಹಣ್ಣು ತೋಟದಲ್ಲೇ ಕೊಳೆಯುತ್ತದೆ. ನಾನೇ ಒಮ್ಮೆ ನೋಡಿಬಿಡೋಣ ಎಂದು ಕೂತೆ.

ಮೊದಲು ಇಂಜಿನ್ ಆಫ್ ಮಾಡಿ ಐದೂ ಗೇರ್, ರಿವರ್ಸ್ ಹಾಕಿ ನೋಡಿದೆ. ಬೆಣ್ಣೆಯ ಹಾಗೆ ಬಿದ್ದವು. ಗೇರ್ ಲಿವರ್, ಅದರ ಬುಷ್‌ಗಳ ಮೇಲಿನ ಅನುಮಾನ ಅಲ್ಲಿಗೆ ಬಹುಮಟ್ಟಿಗೆ ಹೋಯಿತು. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಮತ್ತೆ ಬಿಗಿ. ಅಂದರೆ ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಇಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ.

ಆಮೇಲೆ ಪೆಡಲ್ ತುಳಿದು ಆರೇಳು ಸೆಕೆಂಡ್ ಕಾದು ರಿವರ್ಸ್ ಹಾಕಿದೆ. ಉಜ್ಜಿತು. ಪೆಡಲನ್ನು ನಾಲ್ಕು ಸಲ ಬಿಟ್ಟು ಬಿಟ್ಟು ಒತ್ತಿ ಹಾಕಿದೆ. ಸದ್ದಿಲ್ಲದೆ ಬಿತ್ತು! ಕ್ಲಚ್ ಪ್ಲೇಟ್ ಸೊಟ್ಟಗಾಗಿದ್ದರೆ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಹಿಡಿದಿದ್ದರೆ ಎಷ್ಟು ಸಲ ಒತ್ತಿದರೂ ಹಾಗೇ ಇರುತ್ತಿತ್ತು. ಒತ್ತಿದಷ್ಟೂ ಸರಿಹೋಗುತ್ತದೆ ಎಂದರೆ ತೊಂದರೆ ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಆಯಿಲ್ ಲೈನಿನಲ್ಲಿದೆ. ಸಮಾಧಾನಕ್ಕೆ ಇನ್ನೊಂದು ನೋಡಿದೆ: ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕನೇ ಗೇರಲ್ಲಿ ನಿಧಾನಕ್ಕೆ ಕ್ಲಚ್ ಬಿಟ್ಟೆ. ಇಂಜಿನ್ ತಕ್ಷಣ ಆಫ್ ಆಯಿತು. ಪ್ಲೇಟಿಗೆ ಇನ್ನೂ ಹಿಡಿತ ಇದೆ.

ಗಾಡಿ ಕೆಳಗೆ ತೂರಿ, ಆ ಲೈನಿನ ಕೊನೆಯಲ್ಲಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಉಗುರಿನಿಂದ ಎಬ್ಬಿಸಿದೆ. ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್ ಬೆರಳಿಗೆ ಇಳಿಯಿತು. ಮಗನನ್ನು ಸೀಟಲ್ಲಿ ಕೂರಿಸಿ ಪೆಡಲ್ ತುಳಿಸಿ, ಸಿಲಿಂಡರಿನಿಂದ ಹೊರಬರುವ ಪುಶ್‌ರಾಡ್ ಎಷ್ಟು ಸರಿಯುತ್ತದೆಂದು ಅಳೆದೆ, ಬರೀ 8 ಮಿ.ಮೀ. ಚಲಿಸುತ್ತಿತ್ತು. ಹೊಸ ಸೀಲುಗಳ ಕಿಟ್ ಹಾಕಿ, ಹೊಸ ಬ್ರೇಕ್ ಆಯಿಲ್ (ಕ್ಲಚ್ ಲೈನಿಗೂ ಅದೇ) ತುಂಬಿ, "ಒತ್ತು... ಹಿಡ್ಕೋ... ನಾನು ಹೇಳೋವರೆಗೂ ಬಿಡಬೇಡ ಕಂದಾ" ಎನ್ನುತ್ತಾ ಲೈನಿನೊಳಗೆ ಸೇರಿದ್ದ ಏರ್ ತೆಗೆದೆ. ಅಳತೆ 14ಕ್ಕೆ ಬಂತು. ಆಯಿಲ್ ಮಾತ್ರ ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದ್ದೇ ಆಗಬೇಕು. ಇಂಜಿನ್ ಆಯಿಲ್ ಹಾಕಿದರೆ ಸೀಲುಗಳು ಉಬ್ಬಿ ಇಡೀ ಲೈನ್ ಹಾಳು.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಮಧ್ಯಾಹ್ನ ಮತ್ತೆ ಬಿಗಿ. ಎಲ್ಲೂ ಒಂದು ಹನಿ ಸೋರಿಕೆ ಇಲ್ಲ, ಡಬ್ಬಿಯಲ್ಲಿ ಆಯಿಲ್ ಮಟ್ಟವೂ ಇಳಿದಿಲ್ಲ. ನನಗೆ ನಿಜಕ್ಕೂ ತಲೆ ಕೆಟ್ಟಿತು. ಉತ್ತರ ಸಿಕ್ಕಿದ್ದು ರೈಲ್ವೆ ಗೇಟಿನಲ್ಲಿ. ಗೇಟ್ ತೆರೆಯುವುದನ್ನೇ ನೋಡುತ್ತಾ ಫಸ್ಟ್ ಗೇರಲ್ಲಿ ಕ್ಲಚ್ ತುಳಿದೇ ಕೂತಿದ್ದೆ. ಅರ್ಧ ನಿಮಿಷಕ್ಕೆ ಗಾಡಿ ತಾನಾಗಿ ಮುಂದಕ್ಕೆ ತೆವಳಿತು. ಕಾಲು ಅಲುಗಿಲ್ಲ, ಒತ್ತಡ ಒಳಗೊಳಗೇ ಜಾರಿಹೋಗುತ್ತಿದೆ. ಪೆಡಲ್ ತುಳಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರ್!

ಬಿಚ್ಚಿ ಟಾರ್ಚ್ ಹಿಡಿದರೆ ಒಳಗೋಡೆಯಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳು, ಸೀಲಿನ ಅಂಚು ಹರಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ವರ್ಷಗಟ್ಟಲೆ ಬದಲಿಸದೆ ಬಿಟ್ಟದ್ದು ನನ್ನದೇ ತಪ್ಪು. ಗುಳಿ ಬಿದ್ದ ಸಿಲಿಂಡರಿಗೆ ಕಿಟ್ ಹಾಕಿದರೆ ಹೊಸ ಸೀಲೂ ಹರಿಯುತ್ತದೆ, ಹಾಗಾಗಿ ಇಡೀ ಸಿಲಿಂಡರನ್ನೇ ಹೊಸದು ಹಾಕಿದೆ. ಆವತ್ತಿನಿಂದ ರಿವರ್ಸ್ ಒಂದು ಬೆರಳಲ್ಲಿ ಬೀಳುತ್ತಿದೆ.

ಈಗ ಪೆಡಲ್ ಒತ್ತಿದಾಗ ಮಾತ್ರ ಸಣ್ಣಗೆ 'ಗುರ್ರ್' ಎನ್ನುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದು ಪೆಡಲ್ ಒತ್ತಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಸೀಸನ್ ಮುಗಿದ ಮೇಲೆ ಇಳಿಸುತ್ತೇನೆ, ಆಗ ಪ್ಲೇಟನ್ನೂ ಬದಲಿಸಿಬಿಡುತ್ತೇನೆ.