ಆನೆ ಎಲ್ಲಿದೆ ಅಂತ ಗೊತ್ತಾದ ಮೇಲೇ ತೋಟದ ಕೆಲಸ

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನಮ್ಮಲ್ಲಿ ಆನೆಗಳು ಹಗಲು ತೋಟದ ನೆರಳಲ್ಲೇ ನಿಂತಿರುತ್ತವೆ, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ಒಂದಷ್ಟು ಕಾಡು ಹೇಮಾವತಿ ಹಿನ್ನೀರಲ್ಲಿ ಮುಳುಗಿತು. ಉಳಿದದ್ದರಲ್ಲಿ ಬಹಳಷ್ಟು ತೋಟ, ಊರು, ರಸ್ತೆ ಆಯಿತು. ಅವಾದರೂ ಎಲ್ಲಿಗೆ ಹೋಗಬೇಕು? 2014ರ ಹೊತ್ತಿಗೆ ಆಲೂರು, ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಆಮೇಲೆ ಬೇರೆ ಆನೆಗಳು ಬಂದವು.

ಹಾಗಾಗಿ ನಾನು ಓಡಿಸುವ ಗೋಜಿಗೇ ಹೋಗುವುದಿಲ್ಲ. ಪಟಾಕಿ ಹೊಡೆದರೆ ಪಕ್ಕದ ತೋಟಕ್ಕೆ ಹೋಗುತ್ತದೆ, ಅಲ್ಲಿ ಹೊಡೆದರೆ ವಾಪಸ್ ನಮ್ಮಲ್ಲಿಗೇ. ಅಷ್ಟರಲ್ಲಿ ರೇಗಿರುತ್ತದೆ, ಅಡ್ಡ ಸಿಕ್ಕವರ ಗತಿ ಏನು? ಸೋಲಾರ್ ಬೇಲಿಯೂ ಅಷ್ಟೇ. ದಂತಕ್ಕೆ ಕರೆಂಟ್ ಹೊಡೆಯುವುದಿಲ್ಲ ಅಂತ ಸಲಗಗಳು ಕಲಿತುಬಿಟ್ಟಿವೆ, ತಂತಿಯನ್ನು ದಂತದಲ್ಲೇ ಕೀಳುತ್ತವೆ.

ಬೆಳಿಗ್ಗೆ ಮೊದಲು ಅರಣ್ಯ ಇಲಾಖೆಯ ಮೆಸೇಜ್, ಅಕ್ಕಪಕ್ಕದ ತೋಟದವರ ವಾಟ್ಸಾಪ್ ನೋಡುತ್ತೇವೆ. ಹಿಂಡಿನ ಹೆಣ್ಣಾನೆಗೆ ರೇಡಿಯೋ ಕಾಲರ್, ಅಂದರೆ ಆನೆ ಎಲ್ಲಿದೆ ಅಂತ ತಿಳಿಸುವ ಕೊರಳಪಟ್ಟಿ, ಇದ್ದರೆ ಸುದ್ದಿ ಸಿಗುತ್ತದೆ. ಕಾಲರ್ ಇಲ್ಲದ ಒಂಟಿ ಸಲಗದ್ದೇ ಭಯ ಜಾಸ್ತಿ. ಅದಕ್ಕೇ ಪೂರ್ತಿ ಬೆಳಕಾದ ಮೇಲೆ ಇಬ್ಬರು ತೋಟ ಸುತ್ತಿ ಬರುತ್ತಾರೆ. ಲದ್ದಿ ಕಂಡರೆ ಕಾಲಲ್ಲಿ ಒಡೆದು ನೋಡುತ್ತಾರೆ. ಮೇಲೆ ಇಬ್ಬನಿ ಕೂತು ಒಳಗೆ ತಣ್ಣಗಿದ್ದರೆ ರಾತ್ರಿಯದ್ದು. ಒಳಗೆ ಬಿಸಿ ಇದ್ದು ಹಬೆ ಆಡುತ್ತಿದ್ದರೆ ಆನೆ ಇಲ್ಲೇ ಎಲ್ಲೋ ಇದೆ, ಸದ್ದಿಲ್ಲದೆ ಬಂದ ದಾರಿಯಲ್ಲೇ ವಾಪಸ್. ಲದ್ದಿಯಲ್ಲಿ ಎಷ್ಟೋ ಸಲ ಕಾಫಿ ಬೀಜವೂ ಇರುತ್ತದೆ.

ಕೆಲಸದವರು ಇರುವ ಲೈನ್ ಮನೆ ಹತ್ತಿರದ ಹಲಸನ್ನು ಕಾಯಿ ಎಳೆಯದಾಗಿರುವಾಗಲೇ ಇಳಿಸುತ್ತೇವೆ. ಹಣ್ಣಿನ ವಾಸನೆಗೆ ಆನೆ ಬಾಗಿಲ ತನಕ ಬರುತ್ತದೆ. ಸಂಜೆ ಐದರ ಮೇಲೆ ಯಾರೂ ಒಬ್ಬರೇ ನಡೆದು ಹೋಗುವ ಹಾಗಿಲ್ಲ, ಜೀಪಲ್ಲೇ ಬಿಡುತ್ತೇವೆ.

ಇದೆಲ್ಲಕ್ಕಿಂತ ಮುಖ್ಯ ಕೂಲಿ. ಆನೆ ಇದೆ ಅಂತ ಕೆಲಸ ನಿಲ್ಲಿಸಿದ ದಿನವೂ ನಾನು ಪೂರ್ತಿ ಕೂಲಿ ಕೊಡುತ್ತೇನೆ. ಕೂಲಿ ಹೋಗುತ್ತದೆ ಅಂದರೆ ಬಿಸಿ ಲದ್ದಿ ಕಂಡವರೂ ಬಾಯಿ ಬಿಡುವುದಿಲ್ಲ, ಸುಮ್ನೆ ಕಾಫಿ ಹಣ್ಣು ಕೊಯ್ಯಲು ಒಳಗೆ ಹೋಗುತ್ತಾರೆ. ಕೊಯ್ಲಿನ ಕಾಲದಲ್ಲಿ ಇದು ದೊಡ್ಡ ಖರ್ಚೇ, ನಿಜ. ಆದರೆ ನನ್ನಂಥ ಸಣ್ಣ ತೋಟದವರಿಗೆ ಆಗುವುದಾದರೆ ನೂರಾರು ಎಕರೆಯವರಿಗೂ ಆಗಬೇಕು ಅಲ್ವಾ?