ವೇಗೋತ್ಕರ್ಷದ ಲೆಕ್ಕದಲ್ಲಿ ಚಿಹ್ನೆಯನ್ನು ಓದುವ ಬಗೆ

ದಿನಬಳಕೆಯ ಮಾತಿನಲ್ಲಿ ಎಲ್ಲವನ್ನೂ ವೇಗ ಎಂದೇ ಕರೆಯುತ್ತೇವೆ. ಆದರೆ ಬೈಕಿನ ಸ್ಪೀಡೋಮೀಟರ್ ತೋರಿಸುವ ಗಂಟೆಗೆ 36 ಕಿ.ಮೀ. ಎಂಬುದು ಜವ ಮಾತ್ರ. ಯಾವ ದಿಕ್ಕಿಗೆ ಎಂಬುದೂ ಸೇರಿದಾಗ ಅದು ವೇಗವಾಗುತ್ತದೆ. ಈ ವೇಗ ಬದಲಾಗುವ ದರವೇ ವೇಗೋತ್ಕರ್ಷ. ಹೆಸರಿನಲ್ಲಿ ‘ಉತ್ಕರ್ಷ’ ಇರುವುದರಿಂದ ವೇಗ ಏರಿದಾಗ ಮಾತ್ರ ವೇಗೋತ್ಕರ್ಷ ಉಂಟಾಗುತ್ತದೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವೇಗ ತಗ್ಗಿದರೂ, ತಿರುವಿನಲ್ಲಿ ಸ್ಪೀಡೋಮೀಟರಿನ ಮುಳ್ಳು ಕದಲದೆ ದಿಕ್ಕು ಮಾತ್ರ ಬದಲಾದರೂ ವೇಗೋತ್ಕರ್ಷ ಇದ್ದೇ ಇರುತ್ತದೆ.

ಲೆಕ್ಕ ಮಾಡುವಾಗ ಮೊದಲು ಕಿ.ಮೀ./ಗಂಟೆಯನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿ ಮೀ/ಸೆ.ಗೆ ತನ್ನಿ. ನೇರ ರಸ್ತೆಯಲ್ಲಿ ಬಸ್ಸಿನ ವೇಗ 5 ಸೆಕೆಂಡಿನಲ್ಲಿ ಗಂಟೆಗೆ 18ರಿಂದ 54 ಕಿ.ಮೀ.ಗೆ ಏರಿತೆನ್ನಿ. ಅಂದರೆ 5 ಮೀ/ಸೆ. ಇದ್ದದ್ದು 15 ಆಯಿತು. ಅಂತಿಮ ವೇಗದಿಂದ ಆರಂಭಿಕ ವೇಗವನ್ನು ಕಳೆದು ಕಾಲದಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ 2 ಮೀ/ಸೆ².

ಇಷ್ಟು ಸುಲಭ. ತೊಡಕು ಬರುವುದು ಚಿಹ್ನೆಯಲ್ಲಿ, ಅದನ್ನು ಬಿಡಿಸಲು ಮೇಲಕ್ಕೆಸೆದ ಕಲ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಕಲ್ಲನ್ನು 19.6 ಮೀ/ಸೆ. ವೇಗದಲ್ಲಿ ನೇರ ಮೇಲಕ್ಕೆ ಎಸೆಯಿರಿ; ಗಾಳಿಯ ತಡೆಯನ್ನು ಸದ್ಯಕ್ಕೆ ಬಿಡೋಣ. ‘ಮೇಲ್ಮುಖ ಧನ’ ಎಂದು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಳ್ಳಿ, ಲೆಕ್ಕ ಮುಗಿಯುವವರೆಗೂ ಅದನ್ನು ಬದಲಿಸಬೇಡಿ. ಒಂದೊಂದು ಸೆಕೆಂಡ್ ಕಳೆದಂತೆ ವೇಗ 9.8, 0, −9.8, −19.6 ಆಗುತ್ತ ಹೋಗುತ್ತದೆ. ಯಾವ ಎರಡು ಪಕ್ಕದ ಸಂಖ್ಯೆಗಳನ್ನು ತೆಗೆದುಕೊಂಡರೂ ವ್ಯತ್ಯಾಸ −9.8 ಮಾತ್ರ. ಕಲ್ಲು ಏರುವಾಗಲೂ, 19.6 ಮೀಟರ್ ಎತ್ತರದ ತುದಿಯಲ್ಲಿ ವೇಗ ಸೊನ್ನೆಯಾದ ಆ ಕ್ಷಣದಲ್ಲೂ, ಇಳಿಯುವಾಗಲೂ ವೇಗೋತ್ಕರ್ಷ ಒಂದೇ. ತುದಿಯಲ್ಲಿ ಅದೂ ಸೊನ್ನೆಯಾಗಿ ಹಾಗೆಯೇ ಉಳಿದಿದ್ದರೆ ಕಲ್ಲು ಕೆಳಗಿಳಿಯದೆ ಅಲ್ಲೇ ನಿಂತುಬಿಡಬೇಕಿತ್ತು.

ಇಲ್ಲಿ ಗಮನಿಸಿ: ಇಳಿಯುವ ಕಲ್ಲಿನ ವೇಗೋತ್ಕರ್ಷ ಋಣ, ಆದರೂ ಅದರ ಜವ ಹೆಚ್ಚುತ್ತಿದೆ. ಹೀಗಾಗಿ ‘ಋಣ ಎಂದರೆ ನಿಧಾನ’ ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ. ಚಿಹ್ನೆ ಹೇಳುವುದು ದಿಕ್ಕನ್ನಷ್ಟೆ. ಜವ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ವೇಗ, ವೇಗೋತ್ಕರ್ಷಗಳ ಚಿಹ್ನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು: ಎರಡೂ ಒಂದೇ ಆದರೆ ಏರಿಕೆ, ಬೇರೆಯಾದರೆ ಇಳಿಕೆ.

ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಬರುತ್ತಿರುವ ಬಸ್ಸಿಗೆ ಚಾಲಕ ಬ್ರೇಕ್ ಒತ್ತಿದಾಗ, ಮುಂದಿನ ದಿಕ್ಕನ್ನು ಧನವೆಂದು ಹಿಡಿದರೆ, ಅದರ ವೇಗ 2 ಸೆಕೆಂಡಿನಲ್ಲಿ −3ರಿಂದ −1 ಮೀ/ಸೆ. ಆಯಿತೆನ್ನಿ. ವೇಗೋತ್ಕರ್ಷ +1 ಮೀ/ಸೆ². ಬಸ್ಸು ಮಾತ್ರ ನಿಧಾನವಾಗುತ್ತಿದೆ.