ಮನೆಯ ಸಾಬೂನು: ಒಂದು ಸಲಕ್ಕೆ ಒಂದೇ ಬದಲಾವಣೆ
ಸಾಬೂನಿನ ಪ್ರಯೋಗದಲ್ಲಿ ಎಣ್ಣೆ, ಉಷ್ಣತೆ, ನೀರಿನ ಪ್ರಮಾಣಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಒಂದು ಮೂಲ ಅಳತೆಯನ್ನು ನಿಗದಿಪಡಿಸಿಕೊಳ್ಳಬೇಕು. 300 ಗ್ರಾಂ ಆಲಿವ್ ಎಣ್ಣೆ ಮತ್ತು 200 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 77 ಗ್ರಾಂ ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸಾಬೂನಾಗಿಸುವ ತೀಕ್ಷ್ಣ ಕ್ಷಾರ, ಸೋಡಿಯಂ ಹೈಡ್ರಾಕ್ಸೈಡ್) ಬೇಕಾಗುತ್ತದೆಯಾದರೂ, ಚರ್ಮಕ್ಕೆ ಹಿತವಾಗಲೆಂದು ಶೇ. 5ರಷ್ಟು ಕಡಿಮೆ ಮಾಡಿ 73 ಗ್ರಾಂ ಬಳಸುವುದು ಒಳ್ಳೆಯದು. ಎಣ್ಣೆ ಬದಲಾದರೆ ಈ ಲೆಕ್ಕವನ್ನೂ ಹೊಸದಾಗಿ ಮಾಡಲೇಬೇಕು.

ಕೈಗವಸು, ರಕ್ಷಣಾ ಕನ್ನಡಕ ಧರಿಸಿ, ಗಾಳಿಯಾಡುವಲ್ಲಿ, ಸೋಡಾವನ್ನು 150 ಗ್ರಾಂ ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಸುರಿಯಬೇಕೇ ಹೊರತು ನೀರನ್ನು ಸೋಡಾದ ಮೇಲೆ ಎಂದಿಗೂ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ. ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ.

ದ್ರಾವಣವೂ ಎಣ್ಣೆಯೂ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಬೆರೆಸಿ, ತೆಳುವಾದ ದೋಸೆ ಹಿಟ್ಟಿನಂತೆ ಮಂದವಾಗುವವರೆಗೆ ಕಲಕಿ ಎರಡು ಅಚ್ಚುಗಳಿಗೆ ಹಂಚಿ. ಒಂದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡಿ, ಇನ್ನೊಂದನ್ನು ಹಾಗೆಯೇ ಬಿಡಿ: ಶಾಖ ಉಳಿಸಿಕೊಂಡದ್ದು ಸಾಮಾನ್ಯವಾಗಿ ಅರೆಪಾರದರ್ಶಕವಾಗಿಯೂ ತಂಪಾದದ್ದು ಮಬ್ಬಾಗಿಯೂ ಕಾಣುತ್ತದೆ. ನನಗಂತೂ ಈ ಹೋಲಿಕೆಯೇ ಅತ್ಯಂತ ಕುತೂಹಲಕರ. ದಿನಾಂಕ, ತೂಕ, ಉಷ್ಣತೆಗಳನ್ನು ಬರೆದಿಟ್ಟು, ಮರುದಿನ ಕತ್ತರಿಸಿ, 4ರಿಂದ 6 ವಾರ ಒಣಗಿಸಿದ ನಂತರವೇ ನೊರೆಯನ್ನು ಹೋಲಿಸಿ ನೋಡಿ.